ಎಂಬತ್ತೇಳರಲ್ಲೊಂದು ಪಾಲು ಕುಂಬಳೆ

ನಮ್ಮ ಮನೆಯ ಪಡು ಬದಿಯ ಕೋಣೆಯಿಂದ ಮಂಚವನ್ನು ಹೊರಗೆ ಹಾಕಿ ಮೂರನೆಯ ವರ್ಷ ನಡೆಯುತ್ತಿದೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಆ ಕೋಣೆಯ ಎರಡು ಗೋಡೆಗಳಿಗೆ ತಾಗಿ, ಎದೆಮಟ್ಟಕ್ಕೆ, ಎರಡಡಿ ಅಗಲದ ಹಲಗೆ ನಿಂತಿದೆ. ಅದರ ಮೇಲೆ 1978ರ ಡಿಸೆಂಬರಿನ ಒಂದು ಮಧ್ಯಾಹ್ನವಿದೆ. ಒಂದು ತುದಿಗೆ ಕಾಸರಗೋಡು ಸೀಮೆಯ ಕುಂಬಳೆ ಸ್ಟೇಷನ್. ಅದರಿಂದ ಬಡಗಣಕ್ಕೆ ಅಪ್ಪ ಎಂಟು ವರ್ಷ ಕಾದ ರೈಲ್ವೆ ಗೇಟು. ಗೋಡೆ ತಿರುಗುವ ಮೂಲೆಯಲ್ಲಿ ಮುರಕಲ್ಲು ಕಡಿದ ಕಣಿ. ಕೊನೆಗೆ ಶಿರಿಯ ಹೊಳೆಯ ಸೇತುವೆ. ಸೇತುವೆ ದಾಟಿದ ಗಾಡಿ ಒಂದು ಪರದೆಯ ಹಿಂದೆ ಹೋಗಿ ನಿಲ್ಲುತ್ತದೆ. ಆ ಪರದೆಯ ಹಿಂದಿನ ಕತ್ತಲೆಗೆ ನಮ್ಮ ಮನೆಯಲ್ಲಿ ಮಂಗಳೂರು ಎಂದು ಹೆಸರು.

ನಾನು ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. 2023ರಲ್ಲಿ ನಿವೃತ್ತಳಾದ ಮರುತಿಂಗಳೇ ಈ ಕೆಲಸಕ್ಕೆ ಕೈಹಚ್ಚಿದೆ. ಕೇಳಿದವರಿಗೆ ಆಟದ ರೈಲು ಕಟ್ಟುತ್ತಿದ್ದೇನೆ ಎಂದೇ ಹೇಳುತ್ತಿದ್ದೆ. ಬೇರೆ ಮಾತು ಸಿಕ್ಕುತ್ತಿರಲಿಲ್ಲ. ಆಟದ ರೈಲು ಎಲ್ಲಿ ಬೇಕಾದರೂ ಓಡಬಹುದು, ಊಟದ ಮೇಜಿನ ಕೆಳಗೂ ಓಡಬಹುದು. ಇದು ಹಾಗಲ್ಲ. ಒಂದು ಊರಿನಲ್ಲಿ, ಒಂದು ಇಸವಿಯಲ್ಲಿ, ಬಿಸಿಲು ಇಂಥ ಕಡೆಯಿಂದಲೇ ಬೀಳುವ ಹೊತ್ತಿನಲ್ಲಿ ಓಡಬೇಕು. ಮಾದರಿ ರೈಲು ಕಟ್ಟುವವರ ಪಾಡೆಲ್ಲ ಇರುವುದು ಆ ಊರು, ಆ ಇಸವಿಗಳಲ್ಲಿ. ಗಾಡಿ ಓಡಿಸುವುದು ಅದರಲ್ಲಿ ಸಣ್ಣ ಪಾಲು.

ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎಂದು ಹೆಸರು. ಹಿಂದಿನಿಂದ ಇದ್ದ ಒ ಎಂಬ ಅಳತೆಯ ಅರ್ಧ ಎಂದು ಅದರ ಅರ್ಥ. ನಿಜದ ಒಂದು ಅಡಿಗೆ ಇಲ್ಲಿ ಮೂರೂವರೆ ಮಿಲಿಮೀಟರ್, ಎಂದರೆ ಎಂಬತ್ತೇಳರಲ್ಲಿ ಒಂದು ಪಾಲು. ಪೆರಂಬೂರಿನ ಕಾರ್ಖಾನೆಯಲ್ಲಿ 1955ರಿಂದ ತಯಾರಾಗುತ್ತ ಬಂದ, ನಾವೆಲ್ಲ ಓಡಾಡಿದ ಆ ಬೋಗಿ ಬಫರಿನಿಂದ ಬಫರಿಗೆ ಇಪ್ಪತ್ತೆರಡು ಮೀಟರ್ ಚಿಲ್ಲರೆ ಉದ್ದವಿದೆ. ಎಂಬತ್ತೇಳರಿಂದ ಭಾಗಿಸಿದರೆ ಇಪ್ಪತ್ತೈದೂವರೆ ಸೆಂಟಿಮೀಟರ್. ಕೈಯಲ್ಲಿ ಹಿಡಿಯಬಹುದಾದ ಬೋಗಿ ಎಂದು ಸಂತೋಷಪಟ್ಟು ಮುಂದಿನ ಲೆಕ್ಕ ಹಾಕಿದೆ. ಇಪ್ಪತ್ತನಾಲ್ಕು ಬೋಗಿಯ ಗಾಡಿಗೆ ಆರು ಮೀಟರಿಗೂ ಮಿಕ್ಕಿ ಜಾಗ ಬೇಕು. ನನ್ನ ಕೋಣೆಯ ಉದ್ದವೇ ಮೂರೂಮುಕ್ಕಾಲು ಮೀಟರ್ ತುಂಬುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗಿರುವ ನಲವತ್ತಾರು ಕಿಲೋಮೀಟರನ್ನು ಈ ಅಳತೆಯಲ್ಲಿ ಹಾಸಿದರೆ ಅರ್ಧ ಕಿಲೋಮೀಟರ್ ದಾಟುತ್ತದೆ. ನಮ್ಮ ಅಂಗಳ, ತೋಟ, ತೋಡು, ಆಚೆಯ ಬೈಲು ಎಲ್ಲ ಸೇರಿದರೂ ಸಾಲದು.

ತಿರುವಿನ ಲೆಕ್ಕವಂತೂ ನನ್ನನ್ನು ಎರಡು ದಿನ ಸುಮ್ಮನೆ ಕೂರಿಸಿತು. ನಮ್ಮ ರೈಲ್ವೆಯಲ್ಲಿ ಒಂದು ಡಿಗ್ರಿಯ ತಿರುವು ಎಂದರೆ 1750 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಮಾದರಿಯಲ್ಲಿ ಅದು ಇಪ್ಪತ್ತು ಮೀಟರ್. ಬ್ರಾಡ್‌ಗೇಜಿನಲ್ಲಿ ಒಪ್ಪಿರುವ ಅತಿ ಕಡಿದಾದ ತಿರುವು ಹತ್ತು ಡಿಗ್ರಿ, 175 ಮೀಟರ್. ಅದನ್ನು ಇಳಿಸಿದರೂ ಎರಡು ಮೀಟರ್ ತ್ರಿಜ್ಯ. ನನ್ನ ಮೂಲೆಯಲ್ಲಿ ಹಿಡಿಸುವುದು ಅರವತ್ತು ಸೆಂಟಿಮೀಟರ್. ನಿಜದ ಗಾಡಿ ಅಂಥ ತಿರುವಿನಲ್ಲಿ ಹಳಿ ತಪ್ಪದೆ ಇರಲಾರದು.

ಆಗ ಅರ್ಥವಾಯಿತು, ಇದು ಚಿಕ್ಕದು ಮಾಡುವ ಕೆಲಸವಲ್ಲ, ಬಿಡುವ ಕೆಲಸ. ಭಾಗಾಕಾರ ಯಂತ್ರಕ್ಕೂ ಬರುತ್ತದೆ. ಯಾವುದನ್ನು ಬಿಟ್ಟರೂ ಕುಂಬಳೆ ಕುಂಬಳೆಯಾಗಿ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಅದು ಯಾವುದೋ ಒಂದು ಸ್ಟೇಷನ್ ಆಗಿಬಿಡುತ್ತದೆ ಎಂಬುದನ್ನು ಒಂದೊಂದಾಗಿ ತೀರ್ಮಾನಿಸಬೇಕು. ಇಪ್ಪತ್ತನಾಲ್ಕು ಬೋಗಿ ಹೋಗಿ ಐದಾಯಿತು. ಪ್ಲಾಟ್‌ಫಾರ್ಮು ಒಂದು ಮೀಟರ್ ನಲವತ್ತಕ್ಕೆ ನಿಂತಿತು. ಶಿರಿಯದ ಸೇತುವೆಗೆ ಮೂರೇ ಕಣ್ಣು ಉಳಿದವು. ಮೂಲೆಯ ಸುಳ್ಳು ತಿರುವನ್ನು ಮರೆಸಲು ಜಿಲ್ಲೆಯ ಬೇರೆ ಕಡೆ ಕಂಡ ಮುರಕಲ್ಲಿನ ಕಣಿಯೊಂದನ್ನು ತಂದು ಗೇಟಿಗೂ ಸೇತುವೆಗೂ ನಡುವೆ ಇಟ್ಟೆ. ಅಲ್ಲಿ ನಿಜಕ್ಕೂ ಅಂಥದ್ದಿಲ್ಲ. ಕಣಿಯ ಎರಡೂ ಬದಿ ಗೋಡೆ ಎದ್ದಿರುವುದರಿಂದ ನೋಡುವವರ ಕಣ್ಣಿಗೆ ತಿರುವು ಬೀಳುವುದಿಲ್ಲ. ಗಾಡಿ ಕೆಂಪು ಗೋಡೆಗಳ ನಡುವೆ ಹೊಕ್ಕು, ಒಂದು ಉಸಿರಿನಷ್ಟು ಹೊತ್ತು ಕಾಣೆಯಾಗಿ, ಹೊಳೆಯ ಮೇಲೆ ಹೊರಬರುತ್ತದೆ.

ಒಂದನ್ನು ಮಾತ್ರ ಭಾಗಿಸಲು ಬರಲಿಲ್ಲ, ಕಾಲ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ಗಾಡಿ ಮಾದರಿಯಲ್ಲಿ ಸೆಕೆಂಡಿಗೆ ಹತ್ತೊಂಬತ್ತು ಸೆಂಟಿಮೀಟರ್ ಸಾಗಬೇಕು. ಐದು ಬೋಗಿ ಮತ್ತು ಇಂಜಿನ್ ಸೇರಿ ಒಂದೂವರೆ ಮೀಟರ್. ಗೇಟು ದಾಟಲು ಎಂಟು ಸೆಕೆಂಡು. ನಿಜದ ಐದು ಬೋಗಿಯ ಗಾಡಿಗೂ ಅದೇ ಎಂಟು ಸೆಕೆಂಡು. ಊರು ಎಂಬತ್ತೇಳು ಪಾಲು ಕುಗ್ಗಿದರೂ ಗಾಡಿ ಹೋಗುವುದನ್ನು ನೋಡಿಕೊಂಡು ನಿಲ್ಲುವ ಹೊತ್ತು ಕುಗ್ಗಿಲ್ಲ. ಈ ಒಂದು ಲೆಕ್ಕವನ್ನು ಶಾಲೆಯಲ್ಲಿದ್ದಾಗಲೇ ತಿಳಿದಿದ್ದರೆ ಅನುಪಾತದ ಪಾಠವನ್ನು ಇದರಿಂದಲೇ ಶುರುಮಾಡುತ್ತಿದ್ದೆ.

ಇದಕ್ಕೆಲ್ಲ ಕಿಡಿ ತಾಗಿದ್ದು ಪುಣೆಯಲ್ಲಿ. ನೆಂಟರ ಮದುವೆಗೆ ಹೋದವಳು ಕೋಥ್ರೂಡಿನಲ್ಲಿರುವ ಜೋಶಿಯವರ ಮಾದರಿ ರೈಲು ವಸ್ತುಸಂಗ್ರಹಾಲಯವನ್ನು ನೋಡಿದೆ. ಭಾವು ಜೋಶಿ ಎಂಬವರ ಬಹುಕಾಲದ ಕನಸು ಅದು, 1998ರಲ್ಲಿ ತೆರೆದದ್ದು. ಒಂದಿಡೀ ನಗರ, ಹಲವು ಗಾಡಿಗಳು, ಸರ್ಕಸ್ಸು, ಸಂಜೆಯಾದಂತೆ ಹೊತ್ತಿಕೊಳ್ಳುವ ದೀಪಗಳು. ಬೆರಗಾಗಿ ನಿಂತೆ. ಆದರೆ ವಾಪಸು ಬರುವಾಗ ಮನಸ್ಸು ಬೇರೆಯದನ್ನೇ ಬಯಸುತ್ತಿತ್ತು: ಏನೂ ನಡೆಯದ ಒಂದು ಗೇಟು. ನನ್ನ ಬಾಲ್ಯದ ರೈಲು ಎಂದರೆ ಬಹುಪಾಲು ಗಾಡಿ ಇಲ್ಲದ ಹೊತ್ತು. ಹಳಿಯ ಮೇಲೆ ಬಿಸಿಲು, ತಂತಿಯ ಮೇಲೆ ಮಿಂಚುಳ್ಳಿ, ಗೇಟಿನಾಚೆ ಕಡಪ್ಪುರದಿಂದ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರು. ಆಮೇಲೆ ಎಲ್ಲಿಂದಲೋ ಒಂದು ಸದ್ದು.

ಇಸವಿಯನ್ನು ಆರಿಸಲು ಬಹಳ ದಿನ ಹಿಡಿಯಿತು. ಈಗಿನ ಕುಂಬಳೆಯನ್ನು ಕಟ್ಟಬಹುದಿತ್ತು. ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ, ಬಣ್ಣದ ದೀಪದ ಸಿಗ್ನಲ್ಲು. ಅದನ್ನು ಮುಂದೆ ಯಾರಾದರೂ ಕಟ್ಟಲಿ. ಮಲಬಾರಿನ ಮೊದಲ ಗಾಡಿ ತಿರೂರಿನಿಂದ ಬೇಪೂರಿನ ಕಡೆಗೆ ಓಡಿದ್ದು 1861ರಲ್ಲಿ. ಅದೇ ಹಳಿ ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ನಡುವೆ ನಲವತ್ತಾರು ವರ್ಷ. ಈ ಕರಾವಳಿಯ ನಕ್ಷೆಯನ್ನು ಬಿಡಿಸಿ ಹೊಳೆಗಳನ್ನು ಎಣಿಸಿದರೆ ಹಳಿ ಹಾಕುವವರಿಗೆ ಎಂಥ ಕೆಲಸ ಕಾದಿತ್ತು ಎಂಬುದು ಗೊತ್ತಾಗುತ್ತದೆ. 1956ರ ನವೆಂಬರ್ 1ರಂದು ಹಳಿ ಇದ್ದಲ್ಲೇ ಇತ್ತು, ಊರು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಆ ಗಡಿಗೆರೆಯ ಬಗ್ಗೆ ಬದುಕಿಡೀ ದನಿ ಎತ್ತಿದರು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ.

ನಾನು 1978ನ್ನು ಹಿಡಿದುಕೊಂಡೆ. ಆಗ ನನಗೆ ಹನ್ನೊಂದು ವರ್ಷ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅಪ್ಪ ಹೇಳುತ್ತಿದ್ದ ಮಾತು. ಘಟ್ಟ ಹತ್ತಿ ಹಾಸನಕ್ಕೆ ಹೋಗುವ ಮೀಟರ್‌ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ, ಕೊಂಕಣ ರೈಲು ಬಂದದ್ದು 1998ರಲ್ಲಿ. ಅದಕ್ಕೆ ಮೊದಲು ನಮ್ಮ ಪಾಲಿಗೆ ಮಂಗಳೂರು ಎಂದರೆ ಹಳಿ ಮುಗಿಯುವ ಊರು. "ಹೋದದ್ದೆಲ್ಲ ಹಿಂದೆ ಬರಲೇಬೇಕು" ಎನ್ನುತ್ತಿದ್ದರು ಅಪ್ಪ. ಬೆಳಿಗ್ಗೆ ಬಡಗಣಕ್ಕೆ ದಾಟಿಸಿದ ಬೋಗಿಗಳನ್ನು ಅವರು ಸಂಜೆ ತೆಂಕಣಕ್ಕೆ ದಾಟಿಸುತ್ತಿದ್ದರು. ಮಲಬಾರ್ ಎಕ್ಸ್‌ಪ್ರೆಸ್ಸು, ಮದ್ರಾಸಿನ ಮೇಲ್ ಗಾಡಿ ಎಲ್ಲವೂ ನಮಗೆ ಹೋಗಿ ಬರುವ ನೆಂಟರ ಹಾಗೆ. ಪರದೆಯ ಹಿಂದೆ ಹೋದ ಗಾಡಿ ಅದೇ ದಾರಿಯಲ್ಲಿ ಮರಳುವ ನನ್ನ ಏರ್ಪಾಡಿಗೆ ಆ ಇಸವಿ ಸರಿಯಾಗಿ ಕೂಡಿಬಂತು.

ಹಳಿಯ ಅಗಲದಲ್ಲಿ ಒಂದು ತಪ್ಪನ್ನು ತಿಳಿದೂ ಉಳಿಸಿಕೊಂಡಿದ್ದೇನೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತೂಕಾಲು ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ಹದಿನಾರೂವರೆ. ಅದು 1435 ಮಿಲಿಮೀಟರಿನ ವಿದೇಶದ ಗೇಜಿಗೆ ಹೊಂದುವಂಥದ್ದು. ಸರಿಯಾದ ಅಗಲ ಬೇಕೆಂದರೆ ಹಳಿಯನ್ನು ಕೈಯಲ್ಲೇ ಬೆಸೆಯಬೇಕು, ಪ್ರತಿ ಗಾಲಿಯ ಅಚ್ಚನ್ನೂ ಬದಲಿಸಬೇಕು. ತಮ್ಮನ ಮಗ, ಪಾಲಿಟೆಕ್ನಿಕ್ಕಿನಲ್ಲಿ ಓದುವವನು, ಹಾಗೆಯೇ ಮಾಡೋಣವೆಂದು ಹಟ ಹಿಡಿದಿದ್ದ. ನಾನು ಬೇಡವೆಂದೆ. ಎರಡೂಮುಕ್ಕಾಲು ಮಿಲಿಮೀಟರಿಗಾಗಿ ಎರಡು ವರ್ಷ ಕೊಟ್ಟರೆ ಗೇಟಿಗೆ ವರ್ಷಗಳು ಉಳಿಯುವುದಿಲ್ಲ. ಎಲ್ಲ ಕಡೆಯೂ ಸರಿಯಾಗಿರಬೇಕು ಎನ್ನುವವರು ಮಾದರಿಯನ್ನು ಮುಗಿಸುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಇಂಜಿನ್ ಕೂಡ ಹಾಗೆಯೇ. ನಮ್ಮ ದೇಶದ ಇಂಜಿನುಗಳ ಮಾದರಿ ಬೇಕೆಂದಾಗ ಸಿಗುವುದಿಲ್ಲ. ಶಾರ್ಜಾದಲ್ಲಿರುವ ತಮ್ಮ ಊರಿಗೆ ಬರುವಾಗ ಒಂದು ವಿದೇಶಿ ಡೀಸೆಲ್ ಇಂಜಿನ್ ತಂದುಕೊಟ್ಟ. ಅದರ ಮೈಯನ್ನು ಕಳಚಿ, ಆರು ಅಚ್ಚಿನ ಗಾಲಿ ಮತ್ತು ಮೋಟರನ್ನು ಉಳಿಸಿಕೊಂಡು, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಆ ಕಾಲದ ನಮ್ಮ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2ರ ಮೈಯನ್ನು ಕಟ್ಟಿದೆವು. ನಿಜದ್ದು ಹದಿನೇಳು ಮೀಟರಿನ ಮೇಲೆ ಸ್ವಲ್ಪ. ನಮ್ಮದು ಹತ್ತೊಂಬತ್ತೂಮುಕ್ಕಾಲು ಸೆಂಟಿಮೀಟರ್. ಬೋಗಿಗಳಿಗೆ ಆ ಕಾಲದ ಕಂದುಗೆಂಪು ಬಣ್ಣ. ಅದರ ಬಗ್ಗೆ ಇಷ್ಟೇ ಸಾಕು.

ಹೇಳಲೇಬೇಕಾದದ್ದು ಹಲಗೆಯ ಕತೆ. ಮೊದಲ ವರ್ಷ ಸಾಧಾರಣ ಪ್ಲೈವುಡ್ ತಂದು ಹಾಸಿದೆ. ಮಾರ್ಚಿನಲ್ಲಿ ಹಳಿ ಕೂರಿಸಿ, ಏಪ್ರಿಲಿನಲ್ಲಿ ಗಾಡಿ ಓಡಿಸಿ, ಮೇ ತಿಂಗಳಿಡೀ ಬಂದವರಿಗೆಲ್ಲ ತೋರಿಸಿದೆ. ಜೂನ್ ಹದಿನೈದರ ಹೊತ್ತಿಗೆ ಗಾಡಿ ಸ್ಟೇಷನ್ನಿನ ಹೊರಗೆ ಬೀಳತೊಡಗಿತು. ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ನೋಡಿದರೆ ನೆಟ್ಟಗಿದ್ದ ಹಳಿ ಕೇರೆಹಾವಿನಂತೆ ಅಲೆದಿತ್ತು. ಬಿಸಿಲಿಗೆ ಹಳಿ ಹಿಗ್ಗುತ್ತದೆ, ಅದಕ್ಕೆ ಸಂದು ಬಿಡಬೇಕು ಎಂದು ಪುಸ್ತಕಗಳು ಹೇಳುತ್ತವೆ, ಸಂದು ಬಿಟ್ಟಿದ್ದೆ. ನಮ್ಮ ಮಳೆಗೆ ಹಿಗ್ಗಿದ್ದು ಮರ. ನೀರು ಕುಡಿದ ಹಲಗೆ ಉಬ್ಬಿ, ಮೊಳೆ ಹೊಡೆದಿದ್ದ ಸ್ಲೀಪರುಗಳನ್ನು ಹಿಡಿದು ಜಗ್ಗಿತ್ತು. ಎಲ್ಲವನ್ನೂ ಕಿತ್ತೆ. ಕಿತ್ತ ದಿನ ಯಾರೊಡನೆಯೂ ಮಾತಾಡಲಿಲ್ಲ.

ಎರಡನೆಯ ಸಲ ದೋಣಿಗೆ ಬಳಸುವಂಥ, ಐಎಸ್ 710 ಗುರುತಿನ ಪ್ಲೈವುಡ್ ತಂದೆ. ಮೇಲೆ, ಕೆಳಗೆ, ಕೊಯ್ದ ಅಂಚಿಗೆ, ತಂತಿ ಇಳಿಸಲು ಕೊರೆದ ಒಂದೊಂದು ತೂತಿನ ಒಳಗೂ ಬಣ್ಣ ಬಳಿದೆ. ನಮ್ಮಲ್ಲಿ ಮನೆ ಕಟ್ಟುವವರು ಮಳೆಯನ್ನು ಮೊದಲು ನೆನೆಯುತ್ತಾರೆ, ಆಮೇಲೆ ಗೋಡೆಯನ್ನು. ಆ ಬುದ್ಧಿ ನನಗೆ ಒಂದು ಮಳೆಗಾಲ ತಡವಾಗಿ ಬಂತು. ಶಿರಿಯ ಹೊಳೆಯ ನೀರನ್ನು ಎಪಾಕ್ಸಿಯಲ್ಲಿ ಎರೆದಾಗಲೂ ಹಾಗೆಯೇ ಆಯಿತು. ಆಟಿ ತಿಂಗಳಿನಲ್ಲಿ ಎರೆದದ್ದು ಗಾಳಿಯ ತೇವಕ್ಕೆ ಮೇಲೆಲ್ಲ ಹಾಲು ಚೆಲ್ಲಿದಂತೆ ಮಸುಕಾಯಿತು. ಉಳಿಯಿಂದ ಕೆರೆದು ತೆಗೆಯಲು ಹನ್ನೊಂದು ದಿನ ಬೇಕಾಯಿತು. ಜನವರಿಯ ಒಣ ಗಾಳಿಯಲ್ಲಿ ಮತ್ತೆ ಎರೆದೆ. ಈಗ ತಳದ ಹೊಯಿಗೆ ಕಾಣುವಷ್ಟು ತಿಳಿಯಾಗಿದೆ, ಡಿಸೆಂಬರಿನಲ್ಲಿ ಉಬ್ಬರದ ಹೊತ್ತಿಗೆ ಇರುವ ಹಾಗೆ.

ಕಡಲು ಹತ್ತಿರವಿರುವುದರಿಂದ ಹಳಿಯ ಆರೈಕೆಯೂ ಹೆಚ್ಚು. ಮಾದರಿ ಹಳಿಯನ್ನು ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದಿಂದ ಮಾಡುತ್ತಾರೆ. ಹೆಸರಿನಲ್ಲಿ ಬೆಳ್ಳಿ ಇದೆ, ಲೋಹದಲ್ಲಿಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೆ. ಗಾಡಿಗೆ ಬೇಕಾದ ಹನ್ನೆರಡು ವೋಲ್ಟ್ ವಿದ್ಯುತ್ತು ಇದೇ ಹಳಿಯ ಮೂಲಕ ಗಾಲಿಗೆ, ಗಾಲಿಯಿಂದ ಮೋಟರಿಗೆ ಹೋಗಬೇಕು. ಒಂದು ವಾರ ಬಟ್ಟೆಯಿಂದ ಒರೆಸದಿದ್ದರೆ ಬೆರಳಿಗೆ ಕಪ್ಪು ಅಂಟುತ್ತದೆ, ಗಾಡಿ ತಡವರಿಸುತ್ತದೆ. ಹಳಿಯ ಮೇಲೆ ಬಟ್ಟೆ ಎಳೆದುಕೊಂಡು ಹೋಗುವ ಭಾನುವಾರದ ಬೆಳಗು ನನಗೆ ಅಭ್ಯಾಸವಾಗಿಬಿಟ್ಟಿದೆ. ಗ್ಯಾಂಗಿನವರು ಸುತ್ತಿಗೆ ಹಿಡಿದು ಹಳಿಗುಂಟ ನಡೆಯುತ್ತಿದ್ದದ್ದು ಆಗ ನೆನಪಿಗೆ ಬರುತ್ತದೆ.

ಕಣಿಯ ಗೋಡೆಗೆ ಬೇರೆ ಏನನ್ನು ಬಳಿದರೂ ಮುರಕಲ್ಲಿನ ಬಣ್ಣ ಬರಲಿಲ್ಲ. ಕೆಂಪು ಹೆಚ್ಚಾದರೆ ಇಟ್ಟಿಗೆ, ಹಳದಿ ಹೆಚ್ಚಾದರೆ ಬೆಲ್ಲ. ಕೊನೆಗೆ ಹಿತ್ತಲಿನಲ್ಲಿ ಬಿದ್ದಿದ್ದ ಮುರಕಲ್ಲಿನ ತುಂಡನ್ನೇ ಕುಟ್ಟಿ, ಹಳೆಯ ಚಹಾ ಜಾಲರಿಯಲ್ಲಿ ಒಮ್ಮೆ, ಮಲ್ಲು ಬಟ್ಟೆಯಲ್ಲಿ ಒಮ್ಮೆ ಸೋಸಿದೆ. ಬಟ್ಟೆಯ ಕೆಳಗೆ ಕುಂಕುಮದಷ್ಟು ನುಣುಪಾದ ಪುಡಿ ಬಿತ್ತು. ಅದನ್ನು ಅಂಟಿನ ಮೇಲೆ ಉದುರಿಸಲು ಹೊರಟಾಗ ತಮ್ಮನ ಮಗ ಕೈ ಹಿಡಿದ.

"ಅತ್ತೆ, ತಡೆಯಿರಿ. ಇದರಲ್ಲಿ ಕಬ್ಬಿಣ ಇರುತ್ತದೆ."

ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಆ ಪುಡಿಯ ಮೇಲೆ ನಿಧಾನವಾಗಿ ಆಡಿಸಿದ. ಚೀಲದ ಹೊರಮೈಯಲ್ಲಿ ಎಳೆಗೂಸಿನ ತಲೆಗೂದಲಿನಂತೆ ಕಪ್ಪು ರೋಮ ಎದ್ದು ನಿಂತಿತು. ಅದು ಹಳಿಯ ಬದಿಯಲ್ಲಿ ಬಿದ್ದಿದ್ದರೆ ಇಂಜಿನಿನ ಮೋಟರು ಸೆಳೆದುಕೊಂಡು ತನ್ನ ಹಲ್ಲುಗಾಲಿಗಳನ್ನೇ ತಿಂದುಹಾಕುತ್ತಿತ್ತು. ಏಳು ಸಲ ಆಡಿಸಿ ರೋಮ ಏಳುವುದು ನಿಂತ ಮೇಲೆ ಪುಡಿಯನ್ನು ಬಳಸಿದೆವು. ಫೆವಿಕಾಲಿಗೆ ನೀರು ಬೆರೆಸಿ ಸಿರಿಂಜಿನಲ್ಲಿ ಬಿಟ್ಟಾಗ ಗೋಡೆ ಮಳೆಗೆ ನೆಂದ ಮುರಕಲ್ಲಿನಂತೆ ಕಪ್ಪಗಾಯಿತು. ಎರಡು ದಿನ ಒಣಗಿದ ಮೇಲೆ ಡಿಸೆಂಬರಿನ ಬಣ್ಣಕ್ಕೆ ಬಂತು. ಹಳಿಯ ಕೆಳಗಿನ ಜಲ್ಲಿಗೆ ಕರಿಕಲ್ಲಿನ ಪುಡಿ. ನಿಜದ ಜಲ್ಲಿ ದೊಡ್ಡದೆಂದರೆ 65 ಮಿಲಿಮೀಟರ್. ನನಗೆ ಬೇಕಾದದ್ದು ಮುಕ್ಕಾಲು ಮಿಲಿಮೀಟರ್, ಸಣ್ಣ ರವೆಯಷ್ಟು.

ತೆಂಗು ಇಲ್ಲದೆ ಕುಂಬಳೆ ಇಲ್ಲ. ಇಪ್ಪತ್ತು ಮೀಟರಿನ ಮರ ಮಾದರಿಯಲ್ಲಿ ಇಪ್ಪತ್ತಮೂರು ಸೆಂಟಿಮೀಟರ್. ಕಾಂಡಕ್ಕೆ ತಂತಿ, ಬಿದಿರು ಏನೇನನ್ನೋ ನೋಡಿದೆ. ಕೊನೆಗೆ ಒದಗಿದ್ದು ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿ, ತೆಂಗಿನದೇ ಕಡ್ಡಿ. ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ತೆಳ್ಳಗೆ. ಬಿಸಿನೀರಿನ ಹಬೆಗೆ ಹಿಡಿದರೆ ಕಡಲಿನ ಕಡೆಗೆ ಬಾಗುತ್ತದೆ. ಆರೋಗ್ಯವಂತ ತೆಂಗಿನ ತಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಗರಿ ಇರುತ್ತದೆ, ತಿಂಗಳಿಗೊಂದರಂತೆ ಹೊಸದು ಬರುತ್ತದೆ ಎಂಬುದು ನಮ್ಮ ಕಡೆ ತೋಟವಿದ್ದವರಿಗೆಲ್ಲ ಗೊತ್ತು. ಮೊದಲ ಮರಕ್ಕೆ ಮೂವತ್ತು ಗರಿಯನ್ನು ಕಾಗದದಲ್ಲಿ ಕತ್ತರಿಸಿ ಅಂಟಿಸಿದೆ. ನೋಡಿದರೆ ಹೂಕೋಸು. ಹನ್ನೊಂದಕ್ಕೆ ಇಳಿಸಿದೆ, ನಡುವೆ ಆಕಾಶ ಕಾಣಿಸಿತು, ತೆಂಗಾಯಿತು.

ಬಿಟ್ಟವುಗಳ ಪಟ್ಟಿಯಲ್ಲಿ ಬಯಲಾಟವೂ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಗದ್ದೆಯಲ್ಲೊಂದು ರಂಗಸ್ಥಳ, ದೀಪ, ಎರಡು ವೇಷ ಇಡಬೇಕೆಂದು ಬಹಳ ಆಸೆಪಟ್ಟೆ. ವೇಷಗಳನ್ನು ಮಾಡಿಯೂ ಇಟ್ಟಿದ್ದೆ. ಆದರೆ ಬಯಲಾಟ ರಾತ್ರಿಯದು, ನನ್ನದು ಮಧ್ಯಾಹ್ನ. ಊರಿನ ಹೆಮ್ಮೆಗಾಗಿ ಹೊತ್ತನ್ನು ಕೆಡಿಸಬಾರದು ಎಂದು ವೇಷಗಳನ್ನು ಬೆಂಕಿಪೊಟ್ಟಣದಲ್ಲಿಟ್ಟೆ. ಸ್ಟೇಷನ್ನಿನ ಹಳದಿ ಫಲಕದಲ್ಲಿ ಮಾತ್ರ ಏನನ್ನೂ ಬಿಡಲಿಲ್ಲ. ಮಲಯಾಳಂ, ಹಿಂದಿ, ಇಂಗ್ಲಿಷ್, ಕನ್ನಡ, ನಾಲ್ಕನ್ನೂ ಬರೆದೆ. ಅಕ್ಷರದ ಎತ್ತರ ಮೂರು ಮಿಲಿಮೀಟರಿಗೆ ತುಸು ಹೆಚ್ಚು. ಮಲಯಾಳಂ 'ಕುಂಬಳ' ಎನ್ನುತ್ತದೆ, ಕನ್ನಡ 'ಕುಂಬಳೆ' ಎನ್ನುತ್ತದೆ. ಕೊನೆಯ ಆ ಎತ್ವದ ಕೊಂಡಿ ಆ ಅಳತೆಯಲ್ಲಿ ಒಂದು ಕೂದಲಿನ ಬಾಗು. ಆರು ಫಲಕ ಹಾಳಾದ ಮೇಲೆ ಅದು ಸ್ಪಷ್ಟವಾಗಿ ಮೂಡಿತು. ನನಗೆ ಅದು ಮೂಡಲೇಬೇಕಿತ್ತು. ಮೂವತ್ತು ವರ್ಷ ಈ ಊರಿನಲ್ಲಿ ಕನ್ನಡದಲ್ಲಿ ಲೆಕ್ಕ ಹೇಳಿಕೊಟ್ಟಿದ್ದೇನೆ.

ಸಿಗ್ನಲ್ಲಿಗೆ ನಮ್ಮ ಮನೆಯಲ್ಲಿ 'ಕೈ' ಎನ್ನುತ್ತಿದ್ದರು. ಕಂಬದ ಮೇಲೆ ಕೆಂಪು ಕೈ ಅಡ್ಡಲಾಗಿ ಚಾಚಿದ್ದರೆ ಗಾಡಿ ನಿಲ್ಲಬೇಕು, ಓರೆಯಾಗಿ ಕೆಳಗಿಳಿದರೆ ಬರಬಹುದು. ಕೈ ಬಿತ್ತು ಎಂದರೆ ಗಾಡಿ ಬಂತೆಂದೇ ಲೆಕ್ಕ. ಸ್ಟೇಷನ್ ಮಾಸ್ತರರು ಅದಕ್ಕೆ ಮೊದಲು ಗೇಟಿಗೆ ಫೋನು ಮಾಡುತ್ತಿದ್ದರು. ಅಪ್ಪ ಗೇಟು ಹಾಕಿ, ಒಂದು ಗುಟ್ಟಿನ ನಂಬರನ್ನು ಹೇಳಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ನಂಬರು ಸಿಕ್ಕಿದರೆ ಗೇಟು ಮುಚ್ಚಿದೆ ಎಂಬುದಕ್ಕೆ ಪುರಾವೆ.

ಮಾದರಿಯ ಕೈಯನ್ನು ತಮ್ಮನ ಮಗ ಸಣ್ಣ ಸರ್ವೋ ಮೋಟರಿನಿಂದ ಆಡಿಸುವಂತೆ ಮಾಡಿದ. ಮೊದಲ ದಿನ ಅದು ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ಇಳಿದು ನಿಂತಿತು. ಚೆನ್ನಾಗಿತ್ತು, ಸರಿಯಿರಲಿಲ್ಲ. ನಿಜದ ಕೈ ಹಾಗೆ ಇಳಿಯುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಸನ್ನೆ ಎಳೆದಾಗ ಹಳಿಯ ಬದಿಯ ತಂತಿ ಬಿಗಿದು, ರಾಟೆಗಳು ಒಂದಾದಮೇಲೊಂದು ಕಿರುಗುಟ್ಟಿ, ಕೈ ಧಡಕ್ಕನೆ ಬಿದ್ದು, ಎರಡು ಸಲ ಅಲುಗಿ ಆಮೇಲೆ ನಿಲ್ಲುತ್ತಿತ್ತು. ಮೊದಲ ಅಲುಗು ದೊಡ್ಡದು, ಎರಡನೆಯದು ಇದೆಯೋ ಇಲ್ಲವೋ ಎನ್ನುವಷ್ಟು. ನಾನು ಕೈಯಿಂದ ಆಡಿಸಿ ತೋರಿಸಿದೆ. ಅವನು ಕಂಪ್ಯೂಟರಿನಲ್ಲಿ ಏನನ್ನೋ ತಿದ್ದಿದ, ಮತ್ತೆ ತಿದ್ದಿದ. ರಾತ್ರಿ ಹತ್ತೂವರೆಗೆ ಕೈ ಬಿತ್ತು, ಅಲುಗಿತು, ಮತ್ತೆ ಒಂದು ಚೂರು ಅಲುಗಿತು. ನನಗೆ ಗಂಟಲು ಕಟ್ಟಿತು. ನಲವತ್ತೈದು ವರ್ಷಗಳಲ್ಲಿ ಅಪ್ಪನ ಮುಖ ಮಸುಕಾಗಿದೆ. ಆ ಎರಡನೆಯ ಅಲುಗು ಮಸುಕಾಗಿಲ್ಲ.

ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗದಂತೆ ಟೋಕನ್ ಎಂಬ ಏರ್ಪಾಡಿತ್ತು. ಎರಡು ಸ್ಟೇಷನ್ನುಗಳಲ್ಲಿರುವ ಯಂತ್ರಗಳು ವಿದ್ಯುತ್ತಿನಿಂದ ಒಂದಕ್ಕೊಂದು ಬೆಸೆದಿರುತ್ತವೆ. ಒಂದು ಲೋಹದ ಚೆಂಡು ಹೊರಗಿರುವಾಗ ಇನ್ನೊಂದು ಹೊರಬರುವುದಿಲ್ಲ. ಚೆಂಡನ್ನು ಚರ್ಮದ ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ ಇಂಜಿನಿನವರಿಗೆ ಕೊಡುತ್ತಿದ್ದರು. ಚೆಂಡು ಕೈಯಲ್ಲಿದ್ದವನದೇ ದಾರಿ. ಮಾದರಿಯಲ್ಲಿ ನಾವು ಇದನ್ನು ನಿಜವಾಗಿಯೇ ನಡೆಸುತ್ತೇವೆ. ಸೈಕಲ್ಲಿನ ಬೇರಿಂಗಿನಿಂದ ತೆಗೆದ ಒಂದೇ ಒಂದು ಉಕ್ಕಿನ ಗುಂಡು ಇದೆ; ಅದನ್ನು ಸ್ಟೇಷನ್ನಿನ ಬದಿಯ ಹಿತ್ತಾಳೆಯ ಬಟ್ಟಲಿಗೆ ಹಾಕಿದರೆ ಮಾತ್ರ ಗೇಟಿನ ಕಡೆಯ ಹಳಿಗೆ ವಿದ್ಯುತ್ತು ಹರಿಯುತ್ತದೆ. ಒಂದೇ ಹಳಿಯಲ್ಲಿ ಹಲವು ಇಂಜಿನುಗಳನ್ನು ಬೇರೆಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆಗಳು ಈಗ ಬೇಕಾದಷ್ಟಿವೆ. ಒಂದು ಗುಂಡಿನ ಊರಿಗೆ ಅದರ ಅಗತ್ಯ ಬೀಳಲಿಲ್ಲ.

ಅಪ್ಪನನ್ನು ಕೊನೆಗೆ ಮಾಡಿದೆ. ಈ ಅಳತೆಯ ಮನುಷ್ಯ ಎರಡು ಸೆಂಟಿಮೀಟರಿಗೂ ಕಡಿಮೆ. ಅಂಗಡಿಯ ಬೊಂಬೆಗಳಿಗೆ ಕೋಟು, ಟೋಪಿ. ಒಂದರ ಕೋಟನ್ನು ಬ್ಲೇಡಿನಿಂದ ಹೆರೆದು ತೆಗೆದು, ನೀಲಿ ಅಂಗಿ ಬಳಿದು, ಬಲಗೈಗೆ ಹಸಿರು ಬಾವುಟ, ಎಡಗೈಯಲ್ಲಿ ಸುತ್ತಿದ ಕೆಂಪು ಬಾವುಟ ಕೊಟ್ಟು ಗೇಟುಮನೆಯ ಬಾಗಿಲಿನ ಮುಂದೆ ನಿಲ್ಲಿಸಿದೆ. ಗೇಟಿನಾಚೆ ಬುಟ್ಟಿಯ ಹೆಂಗಸರು, ಒಂದು ಎತ್ತಿನಗಾಡಿ, ಸೈಕಲ್ ಹಿಡಿದ ಹುಡುಗ. ಎಲ್ಲ ಮುಗಿಯಿತೆಂದು ತಿಳಿದು ಅಮ್ಮನನ್ನು ಕೋಣೆಗೆ ಕರೆತಂದೆ.

ಅಮ್ಮನಿಗೆ ಎಂಬತ್ತೆರಡು. ಕನ್ನಡಕ ಹಾಕಿಕೊಂಡು, ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಸ್ಟೇಷನ್ನಿನಿಂದ ಸೇತುವೆಯವರೆಗೆ ಹೆಜ್ಜೆ ಹೆಜ್ಜೆಯಾಗಿ ನೋಡುತ್ತ ಬಂದಳು. ಗೇಟಿನ ಹತ್ತಿರ ಬಹಳ ಹೊತ್ತು ನಿಂತಳು. ಅಪ್ಪನನ್ನು ನೋಡಿ ಏನೂ ಹೇಳಲಿಲ್ಲ.

"ಎಲ್ಲ ಉಂಟು ಮಗಳೇ. ಬಾವಿ ಎಲ್ಲಿ?"

ಗೇಟುಮನೆಯ ಹಿಂದೆ, ಹದಿನೈದಿಪ್ಪತ್ತು ಹೆಜ್ಜೆಯಲ್ಲಿ, ಮುರಕಲ್ಲಿನ ಕಟ್ಟೆಯ ಬಾವಿ ಇತ್ತು. ಎಂಟು ವರ್ಷ ಆ ಮನೆಯ ನೀರೆಲ್ಲ ಅದರದು. ನಾನು ಅದನ್ನು ಬಿಟ್ಟಿರಲಿಲ್ಲ. ಬಿಡಬೇಕೋ ಬೇಡವೋ ಎಂದು ಯೋಚಿಸಿಯೇ ಇರಲಿಲ್ಲ. ಬಯಲಾಟವನ್ನು ಬಿಟ್ಟಾಗ ಸಂಕಟವಾಗಿತ್ತು, ಬೋಗಿಗಳನ್ನು ಬಿಟ್ಟಾಗ ಲೆಕ್ಕವಿತ್ತು. ಬಾವಿ ಯಾವ ಪಟ್ಟಿಯಲ್ಲಿಯೂ ಬಂದಿರಲಿಲ್ಲ. ನನ್ನ ನೆನಪಿನಲ್ಲಿ ನಾನು ಯಾವಾಗಲೂ ಹಳಿಯ ಕಡೆ ಮುಖ ಮಾಡಿ ನಿಂತಿದ್ದೇನೆ. ಬಾವಿ ನನ್ನ ಬೆನ್ನ ಹಿಂದೆ ಇತ್ತು. ಅಮ್ಮನೂ ಅಲ್ಲಿಯೇ ಇದ್ದಳು.

ಮರುದಿನವೇ ಹಲಗೆ ಕೊರೆದೆ. ಆರಡಿ ಅಗಲದ ಬಾವಿಗೆ ಎರಡು ಸೆಂಟಿಮೀಟರ್ ಸಾಕು. ಆಳ ಹಲಗೆಯಲ್ಲಿ ಹಿಡಿಸದ ಕಾರಣ ಕೆಳಗಿನಿಂದ ಏಳು ಸೆಂಟಿಮೀಟರಿನ ಕೊಳವೆ ಅಂಟಿಸಿ, ಒಳಗೋಡೆಗೆ ಮುರಕಲ್ಲಿನ ಪುಡಿ ಹಚ್ಚಿ, ತಳಕ್ಕೆ ಎಪಾಕ್ಸಿಯ ನಾಲ್ಕು ಹನಿ ಬಿಟ್ಟೆ. ಮೇಲಿನಿಂದ ಬಗ್ಗಿ ನೋಡಿದರೆ ನಮ್ಮ ಕೋಣೆಯ ದೀಪ ಆ ನೀರಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಎರಡು ಕಂಬ, ಅಡ್ಡಪಟ್ಟಿ, ಗುಂಡಿಯಿಂದ ಮಾಡಿದ ರಾಟೆ, ಹೊಲಿಗೆ ನೂಲಿನ ಹಗ್ಗ. ಅಮ್ಮನನ್ನು ಮತ್ತೆ ಕರೆದೆ.

ಅವಳು ಬೆರಳಿನ ತುದಿಯಿಂದ ರಾಟೆಯನ್ನು ಮುಟ್ಟಿ ನೋಡಿದಳು. "ಇದು ಈ ಬದಿಗಲ್ಲ. ನಾನು ಹಳಿಗೆ ಮುಖ ಮಾಡಿ ನೀರು ಸೇದುತ್ತಿದ್ದೆ."

"ಯಾಕಮ್ಮ?"

"ಅಪ್ಪ ಉಣ್ಣುವ ಹೊತ್ತಿನಲ್ಲಿ ಕೈ ಬಿದ್ದರೆ ಯಾರು ನೋಡಬೇಕು? ಒಳಗಿನಿಂದ ಅದು ಕಾಣುತ್ತಿರಲಿಲ್ಲ. ನಾನೇ ಕೂಗಿ ಹೇಳುತ್ತಿದ್ದೆ."

ಕಂಬಗಳನ್ನು ಕಿತ್ತು ತಿರುಗಿಸಿ ನೆಟ್ಟೆ. ಇನ್ನೊಂದು ಬೊಂಬೆಯನ್ನು ತೆಗೆದು, ತೆಳು ಕಾಗದವನ್ನು ಅಂಟಿನಲ್ಲಿ ನೆನೆಸಿ ಸೀರೆ ಉಡಿಸಿ, ಒಣಗಲು ಇಟ್ಟೆ. ಸಂಜೆ ಬಣ್ಣದ ಡಬ್ಬಿಗಳನ್ನು ಅಮ್ಮನ ಮುಂದೆ ಸಾಲಾಗಿ ಇಟ್ಟು ಯಾವ ಬಣ್ಣದ ಸೀರೆ ಎಂದು ಕೇಳಿದೆ. ಅವಳು ಹಸಿರನ್ನು ನೋಡಿದಳು, ನೀಲಿಯನ್ನು ನೋಡಿದಳು, ಕೆಂಪು ಡಬ್ಬಿಯನ್ನು ಎತ್ತಿ ಪಕ್ಕಕ್ಕೆ ಇಟ್ಟಳು.

"ಕೆಂಪು ಮಾತ್ರ ಬೇಡ. ಮದುವೆಯದ್ದು ಒಂದಿತ್ತು, ಆ ಎಂಟು ವರ್ಷ ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕೆಂಪು ಉಟ್ಟು ಹಳಿಯ ಬದಿಗೆ ಬರಬೇಡ, ಗಾಡಿ ನಿಂತುಬಿಟ್ಟೀತು ಎಂದು ನಿನ್ನ ಅಪ್ಪ ಹೇಳಿದ್ದರು."